52 ಥರ್ಮೋಕಪಲ್ ಹೇಳಿದ್ದನ್ನು ಯಾರೂ ಯಾಕೆ ನಂಬಲಿಲ್ಲ?

ಅಮೆರಿಕದ ಥ್ರೀ ಮೈಲ್ ಐಲ್ಯಾಂಡ್ ಅಣು ವಿದ್ಯುತ್ ಸ್ಥಾವರ ಮತ್ತೆ ಶುರುವಾಗಲಿದೆ ಎಂಬ ಸುದ್ದಿ 2024ರ ಸೆಪ್ಟೆಂಬರ್‌ನಿಂದ ಆಗಾಗ ಕಾಣಿಸಿಕೊಳ್ಳುತ್ತಿದೆ. ಕಾನ್‌ಸ್ಟಲೇಶನ್ ಕಂಪನಿ ಅದನ್ನು ಓಡಿಸುತ್ತದೆ. ಮೈಕ್ರೋಸಾಫ್ಟ್ 20 ವರ್ಷ ಆ ಕರೆಂಟ್ ಕೊಳ್ಳುತ್ತದೆ. ಡೇಟಾ ಸೆಂಟರ್‌ಗಳ ಹಸಿವು ಅಷ್ಟಿದೆ. ಆದರೆ ಸುದ್ದಿ ಓದಿದವರು ಒಂದು ಕಡೆ ತಡವರಿಸುತ್ತಾರೆ. 1979ರಲ್ಲಿ ಕರಗಿಹೋದ ರಿಯಾಕ್ಟರ್ ಅದೇ ಅಲ್ವಾ? ಅದನ್ನು ಮತ್ತೆ ಹೇಗೆ ಓಡಿಸುತ್ತಾರೆ?

ಅದಲ್ಲ, ಅದರ ಪಕ್ಕದ್ದು. ಆ ದ್ವೀಪದಲ್ಲಿ ಎರಡು ರಿಯಾಕ್ಟರ್‌ಗಳಿದ್ದವು. ಕರಗಿದ್ದು ಎರಡನೆಯದು. ಅದು ಆಮೇಲೆ ಎಂದೂ ಓಡಲಿಲ್ಲ. ಈಗ ಎಬ್ಬಿಸಲು ಹೊರಟಿರುವುದು 835 ಮೆಗಾವ್ಯಾಟ್‌ನ ಮೊದಲನೆಯದನ್ನು. 1974ರಿಂದ ಓಡಿದ ಅದನ್ನು 2019ರಲ್ಲಿ ನಿಲ್ಲಿಸಿದ್ದು ಅಪಘಾತದಿಂದಲ್ಲ, ಲಾಭವಿಲ್ಲ ಎಂಬ ಕಾರಣಕ್ಕೆ. ಎರಡೂ ಬ್ಯಾಬ್‌ಕಾಕ್ ಅಂಡ್ ವಿಲ್‌ಕಾಕ್ಸ್ ಕಂಪನಿಯ ವಿನ್ಯಾಸ, ಅಕ್ಕ ತಂಗಿ ಇದ್ದ ಹಾಗೆ. ಹಾಗಾಗಿ ಒಂದರಲ್ಲಿ ಆದದ್ದು ಇನ್ನೊಂದಕ್ಕೂ ಸಂಬಂಧಪಟ್ಟದ್ದೇ.

ಇನ್ನೊಂದು ಗೊಂದಲ ಇದಕ್ಕಿಂತ ಆಳವಾದದ್ದು. ಅಂದು ತಪ್ಪಿದ್ದು ಮನುಷ್ಯರೋ, ಯಂತ್ರಗಳೋ? ಎರಡು ಥರದ ಉತ್ತರವೂ ಓದಲು ಸಿಗುತ್ತದೆ. ನಿಜ ಏನೆಂದರೆ, ಆ ರಿಯಾಕ್ಟರಿನ ಒಳಗೆ ಇಂಧನದ ನೆತ್ತಿಯ ಮೇಲೆ ಬಿಸಿ ಅಳೆಯುವ 52 ಸೆನ್ಸರ್‌ಗಳಿದ್ದವು, ಅವೇ ಥರ್ಮೋಕಪಲ್‌ಗಳು. ಒಳಗೆ ಸುಡುತ್ತಿದೆ ಎಂದು ಅವು ಹೇಳಿದವು ಕೂಡ. ಆ ಮಾತನ್ನು ಕಂಪ್ಯೂಟರ್ ಅರ್ಧ ನುಂಗಿತು, ಉಳಿದರ್ಧವನ್ನು ಮನುಷ್ಯರು ನಂಬಲಿಲ್ಲ. ಇದು ಅಣು ಸ್ಥಾವರಕ್ಕೆ ಮಾತ್ರ ಸೇರಿದ ಕಥೆಯಲ್ಲ. ಬಾಯ್ಲರ್, ಫರ್ನೇಸ್, ಗ್ಯಾಸ್ ಟರ್ಬೈನ್, ಔಷಧ ಕಾರ್ಖಾನೆಯ ರಿಯಾಕ್ಟರ್, ಎಲ್ಲ ಕಡೆಯೂ ಇದೇ ಪ್ರಶ್ನೆ: ಹತ್ತು ಸೆನ್ಸರ್ ಹತ್ತು ಮಾತು ಹೇಳಿದಾಗ ಯಾವುದನ್ನು ನಂಬಬೇಕು?

ಎರಡು ತಂತಿ, ಒಂದು ಬೆಸುಗೆ

ಥರ್ಮೋಕಪಲ್‌ಗಿಂತ ಸರಳವಾದ ಉಪಕರಣ ಕಾರ್ಖಾನೆಯಲ್ಲಿ ಸಿಗುವುದು ಕಷ್ಟ. ಬೇರೆ ಬೇರೆ ಲೋಹದ ಎರಡು ತಂತಿಗಳನ್ನು ಒಂದು ತುದಿಯಲ್ಲಿ ಬೆಸೆದರೆ ಮುಗಿಯಿತು. ಬೆಸೆದ ತುದಿ ಬಿಸಿಯಾಗಿದ್ದು ಇನ್ನೊಂದು ತುದಿ ತಣ್ಣಗಿದ್ದರೆ ಆ ಬಿಡಿ ತುದಿಗಳ ನಡುವೆ ಪುಟ್ಟದೊಂದು ವೋಲ್ಟೇಜ್ ಹುಟ್ಟುತ್ತದೆ. ಇದನ್ನು ಥಾಮಸ್ ಸೀಬೆಕ್ ಗಮನಿಸಿದ್ದು 1821ರಲ್ಲಿ. ಬ್ಯಾಟರಿ ಬೇಡ, ಅಲುಗಾಡುವ ಭಾಗವಿಲ್ಲ, ಸಾವಿರ ಡಿಗ್ರಿಯಲ್ಲೂ ಕೆಲಸ ಮಾಡುತ್ತದೆ. ಇನ್ನೂರು ವರ್ಷವಾದರೂ ಕಾರ್ಖಾನೆಗಳು ಇದನ್ನು ಬಿಟ್ಟಿಲ್ಲ.

ಕಷ್ಟ ಇರುವುದು ಆ 'ಪುಟ್ಟದು' ಎಂಬಲ್ಲಿ. ಕಾರ್ಖಾನೆಗಳಲ್ಲಿ ಜಾಸ್ತಿ ಬಳಕೆಯಲ್ಲಿರುವುದು ಕೆ ಟೈಪ್. ಕ್ರೋಮೆಲ್ ಒಂದು ತಂತಿ, ಅಲ್ಯೂಮೆಲ್ ಇನ್ನೊಂದು. ಇದು ಒಂದು ಡಿಗ್ರಿಗೆ ಕೊಡುವುದು ಸುಮಾರು 41 ಮೈಕ್ರೋವೋಲ್ಟ್. ಟಾರ್ಚಿಗೆ ಹಾಕುವ ಒಂದೂವರೆ ವೋಲ್ಟಿನ ಸೆಲ್ಲನ್ನು ಮೂವತ್ತಾರು ಸಾವಿರ ಪಾಲು ಮಾಡಿದರೆ ಒಂದು ಪಾಲು ಎಷ್ಟೋ ಅಷ್ಟು. ಅದೇ ಕಾರ್ಖಾನೆಯಲ್ಲಿ ದೊಡ್ಡ ಮೋಟಾರ್‌ಗಳು ಶುರುವಾಗುತ್ತಿರುತ್ತವೆ, ವೆಲ್ಡಿಂಗ್ ನಡೆಯುತ್ತಿರುತ್ತದೆ. ಆ ಗದ್ದಲದ ನಡುವೆ ಈ ಪಿಸುಮಾತನ್ನು ಕೇಳಿಸಿಕೊಳ್ಳಬೇಕು.

ಇನ್ನೊಂದು ಸೂಕ್ಷ್ಮವಿದೆ. ಥರ್ಮೋಕಪಲ್ ಉಷ್ಣಾಂಶವನ್ನು ಅಳೆಯುವುದಿಲ್ಲ, ಎರಡು ತುದಿಗಳ ನಡುವಿನ ವ್ಯತ್ಯಾಸವನ್ನು ಅಳೆಯುತ್ತದೆ. ಬಿಸಿ ತುದಿ 600 ಡಿಗ್ರಿಯಲ್ಲಿದೆ, ತಂತಿ ಬಂದು ಸೇರುವ ಕಂಟ್ರೋಲ್ ಪ್ಯಾನೆಲ್ 30 ಡಿಗ್ರಿಯಲ್ಲಿದೆ ಎಂದುಕೊಳ್ಳಿ. ಪ್ಯಾನೆಲ್‌ಗೆ ತಲುಪುವುದು 23.7 ಮಿಲಿವೋಲ್ಟ್. ತಣ್ಣನೆಯ ತುದಿ ಸೊನ್ನೆ ಡಿಗ್ರಿಯಲ್ಲಿದೆ ಎಂದುಕೊಂಡು ಮಾಡಿದ ಕೋಷ್ಟಕದಲ್ಲಿ 600 ಡಿಗ್ರಿಗೆ ಇರುವುದು 24.9. ನಡುವಿನ 1.2 ಮಿಲಿವೋಲ್ಟನ್ನು ತುಂಬಿಕೊಡಲು ಪ್ಯಾನೆಲ್ ಎಷ್ಟು ಬಿಸಿಯಿದೆ ಎಂಬುದನ್ನು ಬೇರೊಂದು ಸೆನ್ಸರ್ ಅಳೆದು ಕೂಡಿಸಬೇಕು. ಇದಕ್ಕೆ ಕೋಲ್ಡ್ ಜಂಕ್ಷನ್ ಕಾಂಪೆನ್ಸೇಶನ್ ಎನ್ನುತ್ತಾರೆ. ಈ ಸಣ್ಣ ಸೆನ್ಸರ್ ಮುಂದೆ ಮತ್ತೆ ಬರುತ್ತದೆ, ನೆನಪಿಡಿ.

ಕೆಟ್ಟ ಥರ್ಮೋಕಪಲ್ ಮೂರು ಥರ ಮಾತಾಡುತ್ತದೆ

ಮೊದಲನೆಯದು, ತಂತಿ ತುಂಡಾಗುವುದು. ಇದು ಒಳ್ಳೆಯ ಕೇಡು, ಯಾಕೆಂದರೆ ತಕ್ಷಣ ಗೊತ್ತಾಗುತ್ತದೆ. ತಂತಿ ಬಂದು ಸೇರುವ ಇನ್‌ಪುಟ್ ಕಾರ್ಡ್ ಆ ತಂತಿಯಲ್ಲಿ ಅತಿ ಸಣ್ಣ ಕರೆಂಟ್ ಹರಿಸುತ್ತಿರುತ್ತದೆ. ತಂತಿ ಸರಿಯಿದ್ದರೆ ಅದು ಲೆಕ್ಕಕ್ಕೇ ಬರುವುದಿಲ್ಲ. ತುಂಡಾದ ಕೂಡಲೇ ಓದಿಕೆ ಮೇಲಿನ ತುದಿಗೋ ಕೆಳಗಿನ ತುದಿಗೋ ಹಾರುತ್ತದೆ. ಯಾವ ಕಡೆಗೆ ಹಾರಬೇಕು ಎಂಬುದನ್ನು ಇಂಜಿನಿಯರ್ ಮೊದಲೇ ತೀರ್ಮಾನಿಸಿರುತ್ತಾರೆ.

ಎರಡನೆಯದು, ಶಾರ್ಟ್ ಆಗುವುದು. ಇದು ಮೋಸದ್ದು. ಎರಡು ತಂತಿಗಳು ಮಧ್ಯದಲ್ಲೆಲ್ಲೋ ತಾಗಿಕೊಂಡರೆ ಅಲ್ಲೇ ಒಂದು ಹೊಸ ಬೆಸುಗೆ ಹುಟ್ಟಿದಂತೆ. ಆಮೇಲೆ ಥರ್ಮೋಕಪಲ್ ಆ ಜಾಗದ ಉಷ್ಣಾಂಶವನ್ನು ತೋರಿಸುತ್ತದೆ. ಸುಳ್ಳಲ್ಲ, ಬೇರೆ ಊರಿನ ನಿಜ. ಕುಲುಮೆಯೊಳಗಿನ ಬಿಸಿ ಕೇಳಿದರೆ ಹೊರಗಿನ ಕೇಬಲ್ ಟ್ರೇಯ ಬಿಸಿ ಹೇಳುತ್ತದೆ. ಸಂಖ್ಯೆ ಸಹಜವಾಗಿಯೇ ಕಾಣುತ್ತದೆ, ಅಲಾರಂ ಹೊಡೆಯುವುದಿಲ್ಲ.

ಮೂರನೆಯದು, ಮೆಲ್ಲಗೆ ಜಾರುವುದು. ಕೆ ಟೈಪ್ ತಂತಿಯನ್ನು ಆಮ್ಲಜನಕ ಕಡಿಮೆಯಿರುವ ಕಡೆ, 800ರಿಂದ 1,050 ಡಿಗ್ರಿಯ ಆಸುಪಾಸಿನಲ್ಲಿ ತಿಂಗಳುಗಟ್ಟಲೆ ಇಟ್ಟರೆ ಕ್ರೋಮೆಲ್ ತಂತಿಯಲ್ಲಿರುವ ಕ್ರೋಮಿಯಂ ಮಾತ್ರ ತುಕ್ಕು ಹಿಡಿಯುತ್ತದೆ. ಮುರಿದು ನೋಡಿದರೆ ಒಳಗೆ ಹಸಿರು. ಇಂಥ ಥರ್ಮೋಕಪಲ್ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಅದನ್ನು ನಂಬಿದ ಕಂಟ್ರೋಲರ್ ಇನ್ನಷ್ಟು ಇಂಧನ ಬಿಡುತ್ತದೆ. ಪರದೆಯ ಮೇಲಿನ ಗೆರೆ ನೇರವಾಗಿಯೇ ಇರುತ್ತದೆ, ಒಳಗಿನ ಬಿಸಿ ಏರುತ್ತಿರುತ್ತದೆ.

ಪ್ರಿಂಟರ್ ಬರೆದ ಪ್ರಶ್ನಾರ್ಥಕ ಚಿಹ್ನೆಗಳು

ಈಗ 1979ರ ಮಾರ್ಚ್ 28ಕ್ಕೆ ಬರೋಣ. ಬೆಳಗಿನ ಜಾವ 4 ಗಂಟೆಗೆ ನೀರಿನ ಪಂಪುಗಳು ನಿಂತವು. ಒತ್ತಡ ಏರಿತು. ಅದನ್ನು ಇಳಿಸಲು ಒಂದು ವಾಲ್ವ್ ತೆರೆದುಕೊಂಡಿತು, ಆದರೆ ಮತ್ತೆ ಮುಚ್ಚಿಕೊಳ್ಳಲಿಲ್ಲ. ಕಂಟ್ರೋಲ್ ರೂಮಿನ ದೀಪ ನೋಡಿದರೆ ವಾಲ್ವ್ ಮುಚ್ಚಿದಂತಿತ್ತು. ಯಾಕೆಂದರೆ ಆ ದೀಪ ತೋರಿಸುತ್ತಿದ್ದದ್ದು ವಾಲ್ವಿನ ಸ್ಥಿತಿಯನ್ನಲ್ಲ, ವಾಲ್ವಿಗೆ ಹೋದ ಆದೇಶವನ್ನು.

ವಾಲ್ವಿನ ಹೊರಗಿನ ಪೈಪಿನ ಮೇಲೆ ಒಂದು ಥರ್ಮೋಕಪಲ್ ಇತ್ತು. ಅದು ಸುಮಾರು 140 ಡಿಗ್ರಿ ತೋರಿಸಿತು. ಅಂದರೆ ಹಬೆ ಹೊರಗೆ ಹೋಗುತ್ತಿದೆ. ಆದರೆ ಅಪಘಾತಕ್ಕೆ ಮುಂಚಿನಿಂದಲೂ ಅಲ್ಲಿ ಸಣ್ಣ ಸೋರಿಕೆಯಿತ್ತು, ಪೈಪು ಸದಾ ಬಿಸಿಯಾಗಿಯೇ ಇರುತ್ತಿತ್ತು. ಸಿಬ್ಬಂದಿಗೆ ಅದು ರೂಢಿಯಾಗಿಹೋಗಿತ್ತು. ಆ ಓದಿಕೆಯನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ವಾಲ್ವಿನ ದಾರಿ ಮುಚ್ಚುವ ಹೊತ್ತಿಗೆ ಎರಡು ಗಂಟೆ 20 ನಿಮಿಷ ಕಳೆದಿತ್ತು. ಅಷ್ಟರಲ್ಲಿ ನೀರು ಇಳಿದು ಇಂಧನ ಕೋಲುಗಳ ಮೇಲ್ಭಾಗ ಬರಿದಾಗಿತ್ತು.

ಆಗ ಒಳಗಿನ 52 ಥರ್ಮೋಕಪಲ್‌ಗಳ ಸರದಿ. ಸಾಮಾನ್ಯ ದಿನಗಳಲ್ಲಿ ಅಲ್ಲಿ ಇರುತ್ತಿದ್ದದ್ದು 320 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಹಾಗಾಗಿ ಕಂಪ್ಯೂಟರಿಗೆ 700 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 371 ಡಿಗ್ರಿ ಸೆಲ್ಸಿಯಸ್‌ವರೆಗೆ ಮಾತ್ರ ಅಂಕಿ ಬರೆಯಲು ಹೇಳಿಟ್ಟಿದ್ದರು. ಅದಕ್ಕಿಂತ ಮೇಲೆ ಹೋದರೆ ಪ್ರಿಂಟರ್ ಬರೆಯುತ್ತಿದ್ದದ್ದು ಇಷ್ಟೇ: ?????

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಆ ಪ್ರಶ್ನಾರ್ಥಕ ಚಿಹ್ನೆಗಳು ಖಾಲಿ ಮಾತಲ್ಲ. ನೀರಿಗೆ 374 ಡಿಗ್ರಿ ದಾಟಿದರೆ ಎಷ್ಟೇ ಒತ್ತಡ ಹಾಕಿದರೂ ದ್ರವವಾಗಿ ಉಳಿಯಲು ಸಾಧ್ಯವಿಲ್ಲ. ಆ ಹೊತ್ತಿನ ಒತ್ತಡದಲ್ಲಂತೂ ಅದು ಇನ್ನೂ ಕಡಿಮೆ ಬಿಸಿಯಲ್ಲೇ ಕುದಿಯುತ್ತಿತ್ತು. ಅಂದರೆ 371 ದಾಟಿದೆ ಎಂಬುದೊಂದೇ ಸಾಕು, ಅಲ್ಲಿ ನೀರಿಲ್ಲ, ಕಾದ ಹಬೆ ಮಾತ್ರ ಇದೆ ಎಂದು ಹೇಳಲು. ಆದರೆ ಪ್ರಿಂಟರ್ 'ಮಿತಿಗಿಂತ ಮೇಲೆ' ಎಂದು ಬರೆಯಲಿಲ್ಲ, 'ಗೊತ್ತಿಲ್ಲ' ಎಂಬಂತೆ ಬರೆಯಿತು. ಓದಿದವರು ಅದನ್ನು ಕೆಟ್ಟ ಉಪಕರಣದ ಲಕ್ಷಣ ಎಂದುಕೊಂಡರು.

ಇನ್‌ಸ್ಟ್ರುಮೆಂಟ್ ವಿಭಾಗದವರು ಅಷ್ಟಕ್ಕೇ ಬಿಡಲಿಲ್ಲ. ಕಂಟ್ರೋಲ್ ರೂಮಿನ ಕೆಳಗಿನ ಕೋಣೆಗೆ ಇಳಿದು, ಟರ್ಮಿನಲ್‌ಗಳಿಗೆ ನೇರವಾಗಿ ಮೀಟರ್ ಹಚ್ಚಿ ಮಿಲಿವೋಲ್ಟ್ ಓದಿದರು. ಕೋಷ್ಟಕ ನೋಡಿ ಲೆಕ್ಕ ಹಾಕಿದರೆ ಕೆಲವು ಥರ್ಮೋಕಪಲ್‌ಗಳು 2,000 ಡಿಗ್ರಿ ಫ್ಯಾರನ್‌ಹೀಟ್ ದಾಟಿದ್ದವು, ಸುಮಾರು 1,100 ಡಿಗ್ರಿ ಸೆಲ್ಸಿಯಸ್. ಪಕ್ಕದಲ್ಲೇ ಕೆಲವು ತೀರಾ ಕಡಿಮೆ ತೋರಿಸುತ್ತಿದ್ದವು. ಇಷ್ಟು ಅಂತರ ಇದ್ದ ಮೇಲೆ ಯಾವುದನ್ನೂ ನಂಬುವಂತಿಲ್ಲ ಎಂದು ಎಲ್ಲವನ್ನೂ ಬದಿಗಿಟ್ಟರು.

ಆ ಅಂತರ ಯಾಕೆ ಬಂತು ಎಂಬುದು ಆಮೇಲೆ ಸ್ಪಷ್ಟವಾಯಿತು. ಈ ವಿನ್ಯಾಸದಲ್ಲಿ ಥರ್ಮೋಕಪಲ್ ತಂತಿಗಳು ರಿಯಾಕ್ಟರಿನ ತಳದಿಂದ ಒಳಬಂದು, ಇಡೀ ಇಂಧನದ ನಡುವೆ ಹಾದು ಮೇಲಕ್ಕೆ ಹೋಗುತ್ತವೆ. ಇಂಧನ ಕರಗಿದಾಗ ತಂತಿಗಳೂ ಅಲ್ಲಲ್ಲಿ ಬೆಂದು ಕೂಡಿಕೊಂಡವು, ಹೊಸ ಹೊಸ ಬೆಸುಗೆಗಳು ಹುಟ್ಟಿದವು. ಕಡಿಮೆ ತೋರಿಸಿದವು ತಣ್ಣಗಿದ್ದ ಕೆಳಭಾಗದ ಸುದ್ದಿ ಹೇಳುತ್ತಿದ್ದವು. ಅಂದರೆ ಯಾವುದನ್ನು ಸಿಬ್ಬಂದಿ ನಂಬದಿರಲು ಕಾರಣ ಎಂದುಕೊಂಡರೋ ಅದೇ ಹಾನಿಯ ಸಾಕ್ಷಿಯಾಗಿತ್ತು.

ಅದೇ ದಿನ ಮಧ್ಯಾಹ್ನ 1.50ಕ್ಕೆ ಕಟ್ಟಡದೊಳಗೆ ಹೈಡ್ರೋಜನ್ ಹೊತ್ತಿಕೊಂಡು ಒತ್ತಡ ಒಮ್ಮೆಲೇ ಜಿಗಿಯಿತು. ನೀರು ಚಿಮ್ಮಿಸುವ ವ್ಯವಸ್ಥೆ ತಾನಾಗಿಯೇ ಶುರುವಾಯಿತು. ಅದನ್ನೂ ವಿದ್ಯುತ್ ತೊಂದರೆ ಎಂದುಕೊಂಡವರಿದ್ದರು. ಇಂಧನದ ಹೆಚ್ಚು ಕಡಿಮೆ ಅರ್ಧ ಕರಗಿತ್ತು ಎಂಬುದು ಖಚಿತವಾಗಲು ವರ್ಷಗಳೇ ಬೇಕಾದವು.

ತನಿಖೆಗೆ ಅಧ್ಯಕ್ಷ ಜಿಮ್ಮಿ ಕಾರ್ಟರ್ ನೇಮಿಸಿದ ಆಯೋಗದ ಮುಖ್ಯಸ್ಥರು ಜಾನ್ ಕೆಮೆನಿ, ಬೇಸಿಕ್ ಕಂಪ್ಯೂಟರ್ ಭಾಷೆಯನ್ನು ರೂಪಿಸಿದ ಇಬ್ಬರಲ್ಲಿ ಒಬ್ಬರು. ಸಿಬ್ಬಂದಿಯ ತಪ್ಪನ್ನು ಆಯೋಗ ಮುಚ್ಚಿಡಲಿಲ್ಲ. ಆದರೆ ಅಂಥ ತರಬೇತಿ, ಅಂಥ ಕಂಟ್ರೋಲ್ ರೂಮ್ ಕೊಟ್ಟರೆ ಇಂಥ ಅಪಘಾತ ಒಂದಲ್ಲ ಒಂದು ದಿನ ಆಗಲೇಬೇಕಿತ್ತು ಎಂಬ ನಿಲುವಿಗೆ ಬಂತು. ಈ ನಿಲುವೇ ಸರಿ ಎನಿಸುತ್ತದೆ. ನಿದ್ದೆಗಣ್ಣಿನ ಹೊತ್ತಿನಲ್ಲಿ, ನೂರಾರು ಅಲಾರಂಗಳ ನಡುವೆ, ಯಾವ ಸೆನ್ಸರ್ ನಂಬಬೇಕೆಂದು ಮನುಷ್ಯ ಹೊಸದಾಗಿ ಯೋಚಿಸಬೇಕಾಗಿ ಬಂದರೆ ಅದು ಆ ಮನುಷ್ಯನ ಸೋಲಲ್ಲ. ಆ ಯೋಚನೆಯನ್ನು ಮೊದಲೇ ಮಾಡಿಡಬೇಕಿತ್ತು.

ಮೂರರಲ್ಲಿ ನಡುವಿನದು

ದೋಷ ಬಂದರೂ ನಿಲ್ಲದೆ ನಡೆಯುವ ಕಂಟ್ರೋಲ್ ಸಿಸ್ಟಂ ಮಾಡುವ ಕೆಲಸ ಇದೇ. ಗಲಿಬಿಲಿ ಇಲ್ಲದ ದಿನ ಕೂತು, ಯಾರ ಮಾತು ನಂಬಬೇಕು ಎಂಬ ನಿಯಮ ಬರೆದಿಡುವುದು.

ಅತಿ ಸರಳ ನಿಯಮ, ಒಂದೇ ಜಾಗದಲ್ಲಿ ಮೂರು ಥರ್ಮೋಕಪಲ್ ಇಟ್ಟು ನಡುವಿನ ಓದಿಕೆಯನ್ನು ತೆಗೆದುಕೊಳ್ಳುವುದು. ಒಂದು 598, ಇನ್ನೊಂದು 601, ಮತ್ತೊಂದು 742 ಎನ್ನುತ್ತದೆ ಎಂದುಕೊಳ್ಳಿ. ಸರಾಸರಿ ತೆಗೆದರೆ 647. ಕೆಟ್ಟದ್ದೊಂದು ಒಳ್ಳೆಯವೆರಡನ್ನೂ ಎಳೆದುಕೊಂಡು ಹೋಯಿತು. ನಡುವಿನದನ್ನು ತೆಗೆದುಕೊಂಡರೆ 601. ಕೆಟ್ಟದ್ದು 742 ಅಲ್ಲ, 7,420 ಎಂದರೂ ಉತ್ತರ ಬದಲಾಗುವುದಿಲ್ಲ.

ಮೂರು ಸೆನ್ಸರ್ ಇಟ್ಟು ಒಂದೇ ಕಾರ್ಡಿಗೆ ಜೋಡಿಸಿದರೆ ಪ್ರಯೋಜನವಿಲ್ಲ, ಆ ಕಾರ್ಡ್ ಹೋದರೆ ಮೂರೂ ಹೋದವು. ಹಾಗಾಗಿ ಮೂರು ಕಾರ್ಡ್, ಮೂರು ಪ್ರೊಸೆಸರ್, ಮೂರು ಪವರ್ ಸಪ್ಲೈ. ಮೂರೂ ತಮ್ಮ ಓದಿಕೆಗಳನ್ನು ಹಂಚಿಕೊಂಡು, ಒಂದೇ ನಿಯಮದಂತೆ ಲೆಕ್ಕ ಹಾಕಿ, ಕೊನೆಯ ಆದೇಶಕ್ಕೂ ಮತ ಹಾಕುತ್ತವೆ. ಈ ಯೋಚನೆ ಹಳೆಯದು. ಚಂದ್ರನ ಕಡೆಗೆ ಹೋದ ಸ್ಯಾಟರ್ನ್ 5 ರಾಕೆಟ್ಟಿನ ಕಂಪ್ಯೂಟರಿನಲ್ಲೂ ಹೀಗೇ ಮೂರರ ಮತವಿತ್ತು. ಕೈಗಾದಲ್ಲಿರುವಂಥ ನಮ್ಮ ಭಾರಜಲ ರಿಯಾಕ್ಟರ್‌ಗಳ ರಕ್ಷಣಾ ವ್ಯವಸ್ಥೆಯಲ್ಲೂ ಚಾನೆಲ್‌ಗಳು ಮೂರು. ಎರಡು ಒಪ್ಪಿದರೆ ರಿಯಾಕ್ಟರ್ ನಿಲ್ಲುತ್ತದೆ.

ಇದರ ಚೆಂದದ ಉದಾಹರಣೆ ಗ್ಯಾಸ್ ಟರ್ಬೈನಿನಲ್ಲಿದೆ. ಯಲಹಂಕದ 370 ಮೆಗಾವ್ಯಾಟ್ ಗ್ಯಾಸ್ ಸ್ಥಾವರದಂಥ ಕಡೆ ಇರುವ ದೊಡ್ಡ ಟರ್ಬೈನ್‌ಗಳಲ್ಲಿ ಉರಿಯುವ ಜಾಗ ಎಷ್ಟು ಬಿಸಿಯೆಂದರೆ ಅಲ್ಲಿ ಥರ್ಮೋಕಪಲ್ ಬಾಳುವುದಿಲ್ಲ. ಹಾಗಾಗಿ ಹೊಗೆ ಹೊರಹೋಗುವ ಬಾಯಿಯ ಸುತ್ತ ಉಂಗುರದಂತೆ ಹತ್ತಾರು ಥರ್ಮೋಕಪಲ್ ನೆಟ್ಟಿರುತ್ತಾರೆ. ಜಿಇ ಕಂಪನಿಯ ವ್ಯವಸ್ಥೆಯಲ್ಲಿ ಮೂರು ಕಂಟ್ರೋಲರ್‌ಗಳ ಹೆಸರು ಆರ್, ಎಸ್, ಟಿ. ಥರ್ಮೋಕಪಲ್‌ಗಳನ್ನು ಅವಕ್ಕೆ ಸರದಿಯಂತೆ ಹಂಚುತ್ತಾರೆ: ಒಂದನೆಯದು ಆರ್‌ಗೆ, ಎರಡನೆಯದು ಎಸ್‌ಗೆ, ಮೂರನೆಯದು ಟಿಗೆ, ನಾಲ್ಕನೆಯದು ಮತ್ತೆ ಆರ್‌ಗೆ. ಒಂದು ಕಂಟ್ರೋಲರ್ ಸತ್ತರೂ ಉಂಗುರದ ಯಾವ ಬದಿಯೂ ಪೂರ್ತಿ ಕುರುಡಾಗುವುದಿಲ್ಲ. ತೀರಾ ಕಡಿಮೆ ತೋರಿಸುವವನ್ನು ಬಿಟ್ಟು, ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ತೆಗೆದು, ಉಳಿದವುಗಳ ಸರಾಸರಿ ಹಿಡಿಯುತ್ತಾರೆ.

ಅಷ್ಟೇ ಅಲ್ಲ, ಓದಿಕೆಗಳ ನಡುವಿನ ಅಂತರವನ್ನೂ ಬಿಸಾಡುವುದಿಲ್ಲ. ಅಕ್ಕಪಕ್ಕದ ಎರಡು ಥರ್ಮೋಕಪಲ್‌ಗಳು ಒಟ್ಟಿಗೆ ತಣ್ಣಗಾದರೆ ಸೆನ್ಸರ್ ಕೆಟ್ಟದ್ದಲ್ಲ, ಯಾವುದೋ ಬರ್ನರ್ ಸರಿಯಾಗಿ ಉರಿಯುತ್ತಿಲ್ಲ ಎಂದು ಅರ್ಥ. ಒಂದೇ ಒಂದು ಒಮ್ಮೆಲೇ ಬಿದ್ದರೆ ಸೆನ್ಸರ್ ಮೇಲೆ ಅನುಮಾನ. 1979ರಲ್ಲಿ ಯಾವ ಅಂತರವನ್ನು ಕಂಡು ಎಲ್ಲವನ್ನೂ ಬದಿಗಿಟ್ಟರೋ, ಅಂಥದ್ದೇ ಅಂತರವನ್ನು ಇಲ್ಲಿ ಸುದ್ದಿಯಾಗಿ ಓದುತ್ತಾರೆ.

ಮೂರೂ ಒಟ್ಟಿಗೆ ತಪ್ಪಿದರೆ

ಮತ ಹಾಕುವ ವ್ಯವಸ್ಥೆಗೆ ಒಂದು ದೊಡ್ಡ ಹಳ್ಳವಿದೆ. ಮತದಾರರು ಒಂದೇ ಕಾರಣಕ್ಕೆ, ಒಂದೇ ದಿಕ್ಕಿನಲ್ಲಿ ತಪ್ಪಿದರೆ ಬಹುಮತ ತಪ್ಪಿನ ಕಡೆಗೇ ಇರುತ್ತದೆ.

ಆ ಕೋಲ್ಡ್ ಜಂಕ್ಷನ್ ಸೆನ್ಸರ್ ಈಗ ನೆನಪಿಸಿಕೊಳ್ಳಿ. ಮೂರು ಥರ್ಮೋಕಪಲ್‌ಗಳಿಗೂ ಅದೊಂದೇ ಇದ್ದು, ಅದು ಪ್ಯಾನೆಲ್ 25 ಡಿಗ್ರಿ ಎನ್ನುತ್ತಿರುವಾಗ ಏಸಿ ಕೆಟ್ಟು ಪ್ಯಾನೆಲ್ 45ಕ್ಕೆ ಏರಿದರೆ, ಮೂರೂ ಓದಿಕೆಗಳು ಒಟ್ಟಿಗೆ ಸುಮಾರು 20 ಡಿಗ್ರಿ ಕಡಿಮೆ ತೋರಿಸುತ್ತವೆ. ಮೂರೂ ಒಂದೇ ಮಾತು ಹೇಳುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಮೂರನ್ನೂ ಒಂದೇ ದಿನ, ಒಂದೇ ಬ್ಯಾಚಿನಿಂದ, ಒಂದೇ ಕೊಳವೆಯೊಳಗೆ ಇಟ್ಟರೂ ಇದೇ ಗತಿ, ಮೂರಕ್ಕೂ ಒಟ್ಟಿಗೆ ಹಸಿರು ತುಕ್ಕು.

ಜಾಗದ ಪ್ರಶ್ನೆಯೂ ಇದೆ. 2020ರ ಮೇ 7ರಂದು ವಿಶಾಖಪಟ್ಟಣದ ಕಾರ್ಖಾನೆಯೊಂದರ ಟ್ಯಾಂಕಿನಿಂದ ಸ್ಟೈರೀನ್ ಅನಿಲ ಸೋರಿ 12 ಜನ ಸತ್ತರು. ಆಂಧ್ರ ಸರ್ಕಾರದ ಉನ್ನತಾಧಿಕಾರ ಸಮಿತಿ ಕಂಡದ್ದು, ಆ ಟ್ಯಾಂಕಿನಲ್ಲಿ ಉಷ್ಣಾಂಶ ಅಳೆಯುವ ವ್ಯವಸ್ಥೆ ತಳದಲ್ಲಿ ಮಾತ್ರ ಇತ್ತು. ತಳ ತಣ್ಣಗಿತ್ತು, ಮೇಲ್ಭಾಗ ಕಾಯುತ್ತಿತ್ತು. ಅಲ್ಲಿ ಮೂರಲ್ಲ, ಮೂವತ್ತು ಸೆನ್ಸರ್ ತಳದಲ್ಲೇ ಇಟ್ಟಿದ್ದರೂ ಎಲ್ಲವೂ 'ಸರಿಯಿದೆ' ಎಂದೇ ಮತ ಹಾಕುತ್ತಿದ್ದವು.

ನಿಲ್ಲಿಸಬೇಕೋ, ಓಡಿಸಬೇಕೋ

ಮೂರರಲ್ಲಿ ಒಂದು ಥರ್ಮೋಕಪಲ್ ಸತ್ತ ಮೇಲೆ ಉಳಿದ ಎರಡನ್ನು ಏನು ಮಾಡಬೇಕು ಎಂಬಲ್ಲಿ ಜಗಳ ಶುರು. ಸುರಕ್ಷತೆಯವರು ಹೇಳುವುದು, ಎರಡರಲ್ಲಿ ಯಾವುದೊಂದು ಅಪಾಯ ಎಂದರೂ ನಿಲ್ಲಿಸಿ. ಸ್ಥಾವರ ಓಡಿಸುವವರು ಹೇಳುವುದು, ಎರಡೂ ಒಪ್ಪಿದರೆ ಮಾತ್ರ ನಿಲ್ಲಿಸಿ.

ಎರಡನೆಯವರನ್ನು ಸುಮ್ನೆ ದುಡ್ಡಿನಾಸೆಯವರು ಎಂದು ತಳ್ಳಿಹಾಕುವಂತಿಲ್ಲ. ದೊಡ್ಡ ಸ್ಥಾವರವನ್ನು ಒಮ್ಮೆಲೇ ನಿಲ್ಲಿಸಿ ಮತ್ತೆ ಎಬ್ಬಿಸುವುದರಲ್ಲೂ ಅಪಾಯವಿದೆ. ಲೋಹ ಒಮ್ಮೆಲೇ ತಣ್ಣಗಾಗಿ ಮತ್ತೆ ಕಾದು ಬಿರುಕು ಬಿಡುತ್ತದೆ. ಕಾರಣವಿಲ್ಲದೆ ಪದೇ ಪದೇ ಸ್ಥಾವರ ನಿಲ್ಲಿಸುವ ಸೆನ್ಸರನ್ನು ಯಾರಾದರೂ ಬೈಪಾಸ್ ಮಾಡಿಬಿಡುತ್ತಾರೆ, ಆಮೇಲೆ ರಕ್ಷಣೆಯೇ ಇರುವುದಿಲ್ಲ. ಆದರೂ ಅಪಾಯದ ಜಾಗದಲ್ಲಿ ಮೊದಲನೆಯವರ ವಾದವೇ ಗಟ್ಟಿ. ಕೆಟ್ಟ ಥರ್ಮೋಕಪಲ್ ಬದಲಿಸಲು ಗಂಟೆಗಳ ಗಡುವು ಹಾಕಿ, ಅಷ್ಟು ಹೊತ್ತು ಮಾತ್ರ ಎರಡರ ಮೇಲೆ ಓಡಿಸುವುದು ಹಲವರು ಒಪ್ಪುವ ನಡುದಾರಿ. ಆ ಗಡುವು ವಾರ, ತಿಂಗಳು ಎಂದು ಬೆಳೆಯದಂತೆ ನೋಡಿಕೊಳ್ಳುವುದೇ ಕಷ್ಟದ ಭಾಗ.

ಮತ್ತೆ ಎದ್ದೇಳುವ ರಿಯಾಕ್ಟರ್

1979ರ ನಂತರ ಅಮೆರಿಕದ ಅಣು ನಿಯಂತ್ರಣ ಆಯೋಗ ಹೊಸ ನಿಯಮಗಳನ್ನು ತಂದಿತು. ಇಂಧನದ ಮೇಲಿನ ಥರ್ಮೋಕಪಲ್‌ಗಳಿಗೆ ಮುಖ್ಯ ಪರದೆಯ ಜೊತೆಗೆ ಬೇರೆಯೇ ಒಂದು ಬದಲಿ ವ್ಯವಸ್ಥೆ ಬೇಕು. ಅದರಲ್ಲಿ ಕನಿಷ್ಠ 16 ಥರ್ಮೋಕಪಲ್, ಇಂಧನದ ನಾಲ್ಕು ಭಾಗಗಳಲ್ಲೂ ನಾಲ್ಕು ನಾಲ್ಕು. ಎಲ್ಲವನ್ನೂ 6 ನಿಮಿಷದೊಳಗೆ ಓದುವಂತಿರಬೇಕು. 2,300 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 1,260 ಡಿಗ್ರಿ ಸೆಲ್ಸಿಯಸ್‌ವರೆಗೆ ತೋರಿಸಬೇಕು. ಪ್ರಶ್ನಾರ್ಥಕ ಚಿಹ್ನೆಯ ಕಾಲ ಮುಗಿಯಿತು. ಹಲವು ರಿಯಾಕ್ಟರ್‌ಗಳಲ್ಲಿ ಈ ಓದಿಕೆ 650 ಡಿಗ್ರಿಯ ಹತ್ತಿರ ಬಂದರೆ ತುರ್ತು ಕ್ರಮದ ಪುಸ್ತಕದ ಯಾವ ಭಾಗ ತೆರೆಯಬೇಕು ಎಂಬುದೂ ಮೊದಲೇ ಬರೆದಿಟ್ಟಿದೆ.

ಈಗಿನ ಮರುಚಾಲನೆಗೆ ಬೆಂಬಲ ಕೊಡುವವರು ಇದನ್ನೇ ಮುಂದಿಡುತ್ತಾರೆ. ಮೊದಲನೇ ರಿಯಾಕ್ಟರ್ ಈ ನಿಯಮಗಳ ಅಡಿಯಲ್ಲಿ 2019ರವರೆಗೆ ಓಡಿದೆ ಎನ್ನುತ್ತಾರೆ. ವಿರೋಧಿಸುವವರು ಸ್ಥಾವರದ ವಯಸ್ಸನ್ನೂ, ವರ್ಷಗಟ್ಟಲೆ ನಿಂತಿದ್ದದ್ದನ್ನೂ ಎತ್ತುತ್ತಾರೆ. ಈ ಎರಡನೇ ಮಾತನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಥರ್ಮೋಕಪಲ್ ತಂತಿಗಳನ್ನು ಲೋಹದ ಕೊಳವೆಯೊಳಗೆ ಮೆಗ್ನೀಷಿಯಂ ಆಕ್ಸೈಡ್‌ನಂಥ ಬಿಳಿ ಪುಡಿಯಲ್ಲಿ ಹುದುಗಿಸಿಡುವುದು ವಾಡಿಕೆ. ಆ ಪುಡಿಗೆ ತೇವ ಎಳೆದುಕೊಳ್ಳುವ ಗುಣವಿದೆ. ಸೀಲಿನಲ್ಲಿ ಕೂದಲೆಳೆಯ ಬಿರುಕಿದ್ದರೂ ಸಾಕು, ನಿಂತಿರುವ ಕಾಲದಲ್ಲಿ ತೇವ ಸೇರಿ ತಂತಿಗಳ ನಡುವೆ ಕರೆಂಟ್ ಸೋರುತ್ತದೆ, ಓದಿಕೆ ಜಾರುತ್ತದೆ. ತುಂಡಾದ ತಂತಿಯಂತೆ ಇದು ಅಲಾರಂ ಹೊಡೆಯುವುದಿಲ್ಲ. ಒಂದೊಂದು ತಂತಿಗೂ ಮೀಟರ್ ಹಚ್ಚಿ ಇನ್ಸುಲೇಶನ್ ಅಳೆಯಬೇಕು. 1979ರಲ್ಲಿ ಕೆಳಗಿನ ಕೋಣೆಯಲ್ಲಿ ನಿಂತು ಮಿಲಿವೋಲ್ಟ್ ಓದಿದವರು ಮಾಡಿದಂಥದ್ದೇ ಕೆಲಸ ಅದು, ಈ ಸಲ ರಿಯಾಕ್ಟರ್ ತಣ್ಣಗಿರುವಾಗ.